ಗಾಯಾಳುಗಳಿಗೆ ಚಪ್ಪಾಳೆ

ಕರಿಬೇವು ತರಲು ಹೋದವನು ಬೈಸಿಕೊಂಡು ಬಂದೆ. ಸೊಸೆಯಿಂದಲ್ಲ, ಅವಳ ಸರದಿ ಆಮೇಲೆ. ಮೊದಲು ಬೈದವರು ಮೆಲ್ಬರ್ನಿನ ಪಶ್ಚಿಮಕ್ಕಿರುವ ವಿಟ್ಟನ್ ಓವಲ್ ಎಂಬ ಆಸ್ಟ್ರೇಲಿಯನ್ ಫುಟ್‌ಬಾಲ್ ಮೈದಾನದ ಬೇಲಿಗೆ ಮೊಣಕೈಯೂರಿ ನಿಂತಿದ್ದ, ನನಗಿಂತ ಏಳೆಂಟು ವರ್ಷ ಹಿರಿಯರಾದ ಒಬ್ಬ ಮಹಿಳೆ. ಜನವರಿ ತಿಂಗಳು. ಉತ್ತರದಿಂದ ಬೀಸುತ್ತಿದ್ದ ಗಾಳಿ ಇಟ್ಟಿಗೆ ಗೂಡಿನ ಬಾಯಿ ತೆರೆದಂತಿತ್ತು. ಆಕೆಯ ಕೊರಳಲ್ಲಿ ಮಾತ್ರ ಕೆಂಪು, ಬಿಳಿ, ನೀಲಿ ಪಟ್ಟೆಯ ಉಣ್ಣೆಯ ಸ್ಕಾರ್ಫು. ನಾನು ಮಾಡಿದ ತಪ್ಪು ಇಷ್ಟೇ: ಚಪ್ಪಾಳೆ ತಟ್ಟಿದ್ದೆ.

ತಟ್ಟದೆ ಏನು ಮಾಡಲಿ? ನನ್ನೆದುರು ನಾಲ್ಕು ಹುಡುಗರು ಬೇಲಿಯ ಗುಂಟ ಸುತ್ತು ಹಾಕುತ್ತಿದ್ದರು. ಒಬ್ಬೊಬ್ಬನ ತೊಡೆಯೂ ಹಲಸಿನ ಮರದ ಬೊಡ್ಡೆ. ಉಳಿದ ಮೂವತ್ತು ನಲವತ್ತು ಮಂದಿ ಮೈದಾನದ ನಡುವೆ ಚೆಂಡು ದಾಟಿಸುತ್ತ, ಮಾತಿಗೊಮ್ಮೆ ನಿಂತು ನೀರು ಕುಡಿಯುತ್ತ, ಸೊಂಟದ ಮೇಲೆ ಕೈಯಿಟ್ಟು ಕೋಚ್ ಹೇಳಿದ್ದಕ್ಕೆ ತಲೆಯಾಡಿಸುತ್ತ ಇದ್ದರೆ, ಈ ನಾಲ್ವರು ಮಾತ್ರ ಗಾಣದ ಎತ್ತುಗಳಂತೆ ದಣಿವಿಲ್ಲದೆ ಸುತ್ತುತ್ತಿದ್ದರು. ಆರನೆಯ ಸುತ್ತಿಗೆ ನನ್ನ ಕೈ ತಾನಾಗಿಯೇ ಎದ್ದಿತು. ಬೇಲಿಯುದ್ದಕ್ಕೂ ಇದ್ದ ಹತ್ತು ಹನ್ನೆರಡು ತಲೆಗಳು ನನ್ನತ್ತ ತಿರುಗಿದವು. ಕಛೇರಿಯಲ್ಲಿ ತಂಬೂರಿ ಶ್ರುತಿ ಮಾಡಿಕೊಳ್ಳುವಾಗಲೇ ‘ಭೇಷ್’ ಎಂದವನತ್ತ ತಿರುಗುತ್ತಾರಲ್ಲ, ಹಾಗೆ.

“ಅವರು ಗಾಯಾಳುಗಳು” ಎಂದರು ಆಕೆ. ನನಗೆ ಅರ್ಥವಾಗಲಿಲ್ಲವೆಂದು ಕಂಡಿರಬೇಕು, ಬೆರಳು ಚಾಚಿ ಒಬ್ಬೊಬ್ಬನನ್ನೇ ತೋರಿಸಿದರು. “ಮಂಡಿ. ಮೀನಖಂಡ. ಭುಜ. ಮತ್ತೊಂದು ಮಂಡಿ.” ಹೆಸರು ಹೇಳಲಿಲ್ಲ. ಆಮೇಲೆ ಕೊಂಚ ಮೆತ್ತಗಾಗಿ “ಪರವಾಗಿಲ್ಲ, ಲವ್” ಎಂದು ಸೇರಿಸಿದರು. ಇಲ್ಲಿ ತರಕಾರಿ ತೂಗುವವರೂ ಹಾಗೆಯೇ ಕರೆಯುತ್ತಾರೆ, ಅದಕ್ಕೆ ಅರ್ಥವೇನೂ ಇಲ್ಲ ಎಂದು ಮಗ ಹೇಳಿದ್ದಾನೆ. ಆದರೂ ಮನೆಯಲ್ಲಿ ಈ ಪ್ರಸಂಗವನ್ನು ಹೇಳುವಾಗ ಆ ಒಂದು ಪದವನ್ನು ಬಿಟ್ಟು ಹೇಳುತ್ತೇನೆ.

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಇದು ಸುಲಭವಾಗಿ ಜೀರ್ಣವಾಗುವ ವಿಷಯವಲ್ಲ. ನಮ್ಮಲ್ಲಿ ಮೈ ಸರಿಯಿಲ್ಲದವನು ಮನೆಯಲ್ಲಿ ಮಲಗುತ್ತಿದ್ದ, ಸರಿಯಿದ್ದವನು ಅವನ ಲೆಡ್ಜರನ್ನೂ ಸೇರಿಸಿ ಬರೆಯುತ್ತಿದ್ದ. ಇಲ್ಲಿ ಆರೋಗ್ಯವಂತರು ನಿಂತು ನೀರು ಕುಡಿಯುತ್ತಾರೆ, ಪೆಟ್ಟಾದವರು ಓಡುತ್ತಾರೆ. ಮೈಗೆ ಮೈ ತಾಗಿಸುವಂತಿಲ್ಲ, ಉಸಿರು ಮಾತ್ರ ತುಕ್ಕು ಹಿಡಿಯಬಾರದು, ಅದಕ್ಕೇ ಬೇಲಿಯ ಬದಿಯ ಓಟ. ಹಾಗಾಗಿ ನೋಡಲು ಹೋದವನ ಕಣ್ಣಿಗೆ ಮೊದಲು ಬೀಳುವವರೂ ಅವರೇ.

ಆಟ ಯಾವುದು, ಹೇಗೆ ಎಂದು ವಿವರಿಸಲು ನಾನು ಹೋಗುವುದಿಲ್ಲ. ಮಗ ನಾಲ್ಕು ವರ್ಷಗಳಿಂದ ಕಾಗದದ ಮೇಲೆ ಮೊಟ್ಟೆ ಬರೆದು, ಎರಡೂ ತುದಿಗೆ ನಾಲ್ಕು ನಾಲ್ಕು ಕಡ್ಡಿ ನೆಟ್ಟು ವಿವರಿಸುತ್ತಲೇ ಇದ್ದಾನೆ. ನಾನು ತಲೆಯಾಡಿಸುತ್ತಲೇ ಇದ್ದೇನೆ. ಮೊಮ್ಮಗನಿಗೆ ಆ ತೊಂದರೆಯಿಲ್ಲ. ನಮ್ಮ ಕಡೆ ‘ನಿಮ್ಮದು ಯಾವೂರಾಯಿತು’ ಎಂದು ಕೇಳುವಂತೆ ಈ ಊರಿನಲ್ಲಿ ‘ನಿನ್ನ ತಂಡ ಯಾವುದು’ ಎಂದು ಕೇಳುತ್ತಾರಂತೆ. ಯಾವುದೂ ಇಲ್ಲ ಎಂದರೆ ಅನಾಥನನ್ನು ನೋಡಿದಂತೆ ನೋಡುತ್ತಾರಂತೆ. ಮನೆಗೆ ಹತ್ತಿರದ ಮೈದಾನ ವೆಸ್ಟರ್ನ್ ಬುಲ್‌ಡಾಗ್ಸ್ ತಂಡದ್ದು. ಆದ್ದರಿಂದ ನಾವು ಬುಲ್‌ಡಾಗ್ಸ್. ಕುಲದೇವರನ್ನು ಆರಿಸಿಕೊಳ್ಳಲು ನಮ್ಮನ್ನು ಯಾರು ಕೇಳಿದ್ದರು?

ತಾಲೀಮು ಶುರುವಾಗುವುದು ನವೆಂಬರಿನಲ್ಲಿ. ಎಳೆಯರು ಮೊದಲು ಬರುತ್ತಾರೆ, ಹಿರಿಯ ಆಟಗಾರರು ರಜೆ ಮುಗಿಸಿಕೊಂಡು ಆಮೇಲೆ. ಕ್ರಿಸ್‌ಮಸ್‌ಗೆ ಬಿಡುವು, ಜನವರಿಯಲ್ಲಿ ಮತ್ತೆ ಆರಂಭ, ಮಾರ್ಚಿನಲ್ಲಿ ಪಂದ್ಯಗಳು. ನಾವಿಬ್ಬರು ಮಗನ ಮನೆಗೆ ಬರುವುದೂ ನವೆಂಬರಿನಲ್ಲೇ, ಮೈಸೂರಿಗೆ ಹೊರಡುವುದು ಫೆಬ್ರವರಿಯ ಕೊನೆಗೆ. ಬಾರ್ಕ್ಲಿ ಸ್ಟ್ರೀಟಿನ ನಮ್ಮವರ ಅಂಗಡಿಗಳಲ್ಲಿ ಕರಿಬೇವು, ಕಡಲೆಹಿಟ್ಟು, ಚಿರೋಟಿ ರವೆ ಎಲ್ಲ ಸಿಗುತ್ತವೆ. ಮೈದಾನವೂ ಅದೇ ರಸ್ತೆಯಲ್ಲಿದೆ. ನಾಲ್ಕು ವರ್ಷಗಳ ಲೆಕ್ಕ ತೆಗೆದರೆ ನಾನು ನೋಡಿದ ತಾಲೀಮುಗಳು ಐವತ್ತಕ್ಕೆ ಕಡಿಮೆಯಿಲ್ಲ. ನೋಡಿದ ಪಂದ್ಯಗಳು: ಸೊನ್ನೆ.

ಬೇಲಿಯ ಬಳಿ ಬರುವವರಲ್ಲಿ ಎಲ್ಲ ಬಗೆಯವರೂ ಇದ್ದಾರೆ. ಮಾರುದ್ದದ ಲೆನ್ಸಿನ ಕ್ಯಾಮೆರಾ ಹಿಡಿದು ನಾಯಕ ಬಾಂಟೆಂಪೆಲ್ಲಿ ಬೆವರು ಒರೆಸಿಕೊಳ್ಳುವುದನ್ನು ಮೂವತ್ತು ಸಲ ಸೆರೆಹಿಡಿಯುವವನಿದ್ದಾನೆ. ಕಚೇರಿಗೆ ಹೊರಟವನು ಟೈ ಕಟ್ಟಿಕೊಂಡೇ ಹತ್ತು ನಿಮಿಷ ನಿಂತು ಹೋಗುತ್ತಾನೆ. ಯಾರೂ ಕೂಗುವುದಿಲ್ಲ, ಯಾರೂ ನಗುವುದೂ ಇಲ್ಲ. ನನಗೆ ಸಿಟ್ಟು ಬರುವುದು ಇವರ ಮೇಲಲ್ಲ, ಪತ್ರಿಕೆಯವರ ಮೇಲೆ. ಪ್ರತಿ ಜನವರಿಯಲ್ಲೂ ಪ್ರತಿ ಆಟಗಾರನೂ ‘ಜೀವನದಲ್ಲೇ ಅತ್ಯುತ್ತಮ ದೇಹಸ್ಥಿತಿ’ಯಲ್ಲಿ ಇರುತ್ತಾನೆ. ಹೋದ ವರ್ಷವೂ ಇದ್ದ, ಮುಂದಿನ ವರ್ಷವೂ ಇರುತ್ತಾನೆ. ಒಬ್ಬ ಐದು ಕಿಲೋ ಮಾಂಸಖಂಡ ಬೆಳೆಸಿದನೆಂದು ಹೊಗಳುತ್ತಾರೆ, ಪಕ್ಕದ ಅಂಕಣದಲ್ಲೇ ಇನ್ನೊಬ್ಬ ಐದು ಕಿಲೋ ಇಳಿಸಿದನೆಂದು ಹೊಗಳುತ್ತಾರೆ. ಎರಡು ಕಿಲೋಮೀಟರ್ ಓಟದ ಪರೀಕ್ಷೆಯೊಂದಿದೆ. ಗಟ್ಟಿಗರು ಆರು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಅದರಲ್ಲಿ ಯಾರು ಮೊದಲು, ಯಾರು ಕೊನೆ ಎಂಬುದು ಎಸ್ಸೆಸ್ಸೆಲ್ಸಿ ಫಲಿತಾಂಶದಂತೆ ಮನೆಮನೆಯ ಮಾತು. ಪಂದ್ಯದಲ್ಲಿ ಎರಡು ಕಿಲೋಮೀಟರನ್ನು ಯಾರೂ ನೇರವಾಗಿ ಓಡುವುದಿಲ್ಲವಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ ಮಗ ಕನಿಕರದಿಂದ ನೋಡಿದ.

ಮಗನದು ಇನ್ನೊಂದು ತತ್ತ್ವಜ್ಞಾನ. “ಅಪ್ಪ, ಜನವರಿಯಲ್ಲಿ ಹದಿನೆಂಟು ತಂಡಗಳೂ ಅಜೇಯ. ಅದಕ್ಕೇ ಜನ ಬರುವುದು. ಭರವಸೆ” ಎನ್ನುತ್ತಾನೆ. ಇವನನ್ನು ಎಂಜಿನಿಯರಿಂಗ್ ಓದಿಸಿದ್ದು ಇದಕ್ಕೇನು? ಆ ಬೇಲಿಯ ಬಳಿ ನಿಂತವರ ಮುಖಗಳನ್ನು ಅವನು ನೋಡಿಯೇ ಇಲ್ಲ. ಭರವಸೆಯಿಂದ ನೋಡುವವರ ಕಣ್ಣು ಹಾಗಿರುವುದಿಲ್ಲ. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವವರ ಕಣ್ಣು ಹಾಗಿರುತ್ತದೆ. ಜನ ತಾಲೀಮು ನೋಡಲು ಯಾಕೆ ಬರುತ್ತಾರೆ ಎಂಬುದಕ್ಕೆ ನನ್ನದೇ ಒಂದು ಉತ್ತರವಿದೆ. ಹೇಳುತ್ತೇನೆ. ಅದಕ್ಕೆ ಮೊದಲು ಆನೆಗಳ ವಿಷಯ ಸ್ವಲ್ಪ ಹೇಳಬೇಕು.

ಮೈಸೂರಿನವರಿಗೆ ಗೊತ್ತಿರುವುದೇ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಆನೆಗಳು ಅರಮನೆಯ ಅಂಗಳ ಸೇರಿದವೆಂದರೆ ನನ್ನ ಗೆಳೆಯನೊಬ್ಬ, ನಿವೃತ್ತ ಅಂಚೆ ನೌಕರ, ಬೇರೆ ಮನುಷ್ಯನೇ ಆಗಿಬಿಡುತ್ತಾನೆ. ಮೊದಲ ಕೆಲಸ ಧನ್ವಂತರಿ ರಸ್ತೆಯ ವೇಬ್ರಿಡ್ಜಿನ ಮುಂದೆ ಹೋಗಿ ನಿಲ್ಲುವುದು. ಲಾರಿ ತೂಗುವ ಕಬ್ಬಿಣದ ಹಲಗೆಯ ಮೇಲೆ ಆನೆ ಮುಂಗಾಲಿಟ್ಟು, ಒಂದು ಗಳಿಗೆ ಯೋಚಿಸಿ, ಮಾವುತನ ಮಾತಿಗೆ ಹಿಂಗಾಲನ್ನೂ ಎತ್ತಿಟ್ಟು ನಿಲ್ಲುತ್ತದೆ. ಅಂಕಿ ಹೊರಬರುವವರೆಗೆ ನೆರೆದವರ ಉಸಿರು ಕಟ್ಟಿರುತ್ತದೆ. ಗೆಳೆಯನ ಬಳಿ ಹಳೆಯ ಡೈರಿಯೊಂದಿದೆ. ಅದರ ಹಿಂಬದಿಯ ಪುಟಗಳಲ್ಲಿ ವರ್ಷವಾರು ತೂಕ. ಅಭಿಮನ್ಯು ಇಷ್ಟು, ಧನಂಜಯ ಇಷ್ಟು. ಬಂದಾಗ ಎಷ್ಟು, ಉದ್ದು, ಹೆಸರುಕಾಳು, ಬೆಣ್ಣೆ ತಿಂದ ಮೇಲೆ ಎಷ್ಟು. ಅವನ ಹೆಂಡತಿ ಸಕ್ಕರೆ ಕಾಯಿಲೆಯವರು. ಅವರ ರಕ್ತಪರೀಕ್ಷೆಯ ಅಂಕಿಗಳನ್ನು ಕೇಳಿದರೆ ಅವನು ಮನೆಗೆ ಫೋನು ಮಾಡಬೇಕು.

ಆಮೇಲೆ ದಿನವೂ ನಸುಕಿಗೆ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್ ನಡಿಗೆ. ಮೊದಲು ಬರಿಮೈ. ಆಮೇಲೆ ನಮ್ದಾ, ಗಾದಿ ಕಟ್ಟಿ ಮರಳು ಮೂಟೆ ಹೊರಿಸುತ್ತಾರೆ, ದಿನಗಳೆದಂತೆ ಭಾರ ಹೆಚ್ಚಿಸುತ್ತಾರೆ, ಕೊನೆಗೆ ಮರದ ಅಂಬಾರಿ. ನಡುವೆ ಕುಶಾಲತೋಪಿನ ತಾಲೀಮು. ಸದ್ದಿಗೆ ಯಾವ ಆನೆ ಕದಲಿತು, ಯಾವುದು ಕಿವಿಯನ್ನೂ ಅಲ್ಲಾಡಿಸಲಿಲ್ಲ ಎಂಬುದರ ಚರ್ಚೆ ಸಂಜೆಯವರೆಗೆ ನಡೆಯುತ್ತದೆ. ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಕಾಫಿ ಲೋಟ ಹಿಡಿದು ನಾವಿಬ್ಬರೂ ಎಷ್ಟು ಬೆಳಗುಗಳನ್ನು ಕಳೆದಿದ್ದೇವೋ ಲೆಕ್ಕವಿಲ್ಲ. ‘ಬಲಗಾಲು ನೋಡಿ ಇಡುತ್ತಿದೆ’ ಎಂದು ಗೆಳೆಯ ಪಿಸುಗುಟ್ಟುತ್ತಾನೆ, ವೈದ್ಯನಂತೆ. ಆನೆಗೆ ಏನೂ ಆಗಿರುವುದಿಲ್ಲ.

ಅರ್ಜುನ ಇದ್ದಾಗಿನ ಮಾತು ಬೇರೆ. 2012ರಿಂದ 2019ರವರೆಗೆ ಎಂಟು ಸಲ 750 ಕಿಲೋ ಅಂಬಾರಿ ಹೊತ್ತ. ಅರವತ್ತು ತುಂಬಿದ ಆನೆಗೆ ಹೆಚ್ಚಿನ ಭಾರ ಹೊರಿಸುವಂತಿಲ್ಲವೆಂದು 2020ರಿಂದ ಅಭಿಮನ್ಯುವಿನ ಸರದಿ ಬಂತು. ನನಗೂ ಅರವತ್ತಕ್ಕೇ ನಿವೃತ್ತಿ ಆದದ್ದು, ಹಾಗಾಗಿ ನಿಯಮ ಸರಿಯೆಂದೇ ಅನಿಸಿತ್ತು. ಆದರೆ ಅಂಬಾರಿ ಹೊರಲು ವಯಸ್ಸಾಯಿತೆಂದು ಇಳಿಸಿದ ಆನೆಯನ್ನು 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಗೆ ಕಾಡಾನೆ ಹಿಡಿಯಲು ಕರೆದುಕೊಂಡು ಹೋದರು. ಕಾಡಾನೆಯ ಜೊತೆ ಸೆಣಸುತ್ತಲೇ ಸತ್ತ. ಮೆರವಣಿಗೆಗೆ ಮುದುಕ, ಜಗಳಕ್ಕೆ ಯುವಕ! ಯಾವ ಲೆಕ್ಕಪತ್ರದಲ್ಲೂ ಈ ಲೆಕ್ಕ ತಾಳೆಯಾಗುವುದಿಲ್ಲ. ಇರಲಿ. ಈ ವಿಷಯ ಎತ್ತಿದರೆ ರಕ್ತದೊತ್ತಡ ಏರುತ್ತದೆಂದು ನನ್ನವಳು ಎತ್ತಲು ಬಿಡುವುದಿಲ್ಲ.

ಹೇಳಲು ಹೊರಟಿದ್ದು ಏನೆಂದರೆ, ನಾವಿಬ್ಬರೂ ಜಂಬೂಸವಾರಿಗೆ ಹೋಗುವುದಿಲ್ಲ. ಒಮ್ಮೆ ಪಾಸು ಸಂಪಾದಿಸಿ ಹೋಗಿ, ಬೆಳಗಿನಿಂದ ಕೂತು, ಮುಂದೆ ನಿಂತವರ ಬೆನ್ನುಗಳನ್ನೂ ಒಂದು ಕಪ್ಪು ಕೊಡೆಯನ್ನೂ ನೋಡಿ ಬಂದಿದ್ದೆವು. ವರ್ಷವಿಡೀ ಆನೆಯ ಮುಖ ನೋಡದವರು ವಿಜಯದಶಮಿಯ ದಿನ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವರಿಗೆ ಧನಂಜಯ ಯಾರು, ಅಭಿಮನ್ಯು ಯಾರು ಎಂಬುದೂ ತಿಳಿಯದು. ಟೀವಿಯಲ್ಲಿ ನೋಡುತ್ತೇವೆ. ಅದೂ ಅರ್ಧಂಬರ್ಧ; ಆ ಹೊತ್ತಿಗೆ ನನಗೆ ನಿದ್ದೆ ಹತ್ತಿರುತ್ತದೆ.

ಎಲ್ಲಿದ್ದೆ? ಬೇಲಿಯ ಬಳಿ.

ಬೈಸಿಕೊಂಡ ಮೇಲೆ ಅಲ್ಲಿಂದ ಹೊರಡುವುದು ಸೋಲೊಪ್ಪಿದಂತಾಗುತ್ತದೆಂದು ನಿಂತೇ ಇದ್ದೆ. ಆಕೆ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಕೊಟ್ಟರು. ಹೀಗೆ ಮಾತು ಬೆಳೆಯಿತು. 1954ರಲ್ಲಿ ತಂಡ ಮೊದಲ ಸಲ ಚಾಂಪಿಯನ್ ಆದಾಗ ಆಕೆಗೆ ಏಳು ವರ್ಷ. ಜ್ವರವೆಂದು ಮನೆಯಲ್ಲಿ ಬಿಟ್ಟು ಹೋಗಿದ್ದರಂತೆ. ಮುಂದಿನ ವರ್ಷ ಹೋದರಾಯಿತು ಎಂದು ಅಪ್ಪ ಸಮಾಧಾನ ಹೇಳಿದ್ದರು. ಆ ಮುಂದಿನ ವರ್ಷ ಬರಲು ಅರವತ್ತೆರಡು ವರ್ಷ ಬೇಕಾಯಿತು. ನಡುವೆ 1989ರಲ್ಲಿ ತಂಡವನ್ನು ಫಿಟ್ಜ್‌ರಾಯ್ ತಂಡದ ಜೊತೆ ವಿಲೀನ ಮಾಡಿ ಮುಗಿಸಿಬಿಡಲು ಹೊರಟಿದ್ದರು. ಆಗ ಊರಿನವರೆಲ್ಲ ಡಬ್ಬಿ ಹಿಡಿದು ಮನೆಮನೆ ತಿರುಗಿ ಹಣ ಕೂಡಿಸಿದರು. ಡಬ್ಬಿ ಅಲ್ಲಾಡಿಸಿ ಅಲ್ಲಾಡಿಸಿ ಬಲಗೈ ಮಣಿಕಟ್ಟು ಊದಿಕೊಂಡಿತ್ತು ಎಂದು ಆಕೆ ಮಣಿಕಟ್ಟನ್ನೇ ತೋರಿಸಿದರು. ಮೂವತ್ತೈದು ವರ್ಷ ದಾಟಿದೆ. ಊತ ಇರಲಿಲ್ಲ, ಆದರೂ ನೋಡಿದೆ.

2016ರ ಫೈನಲಿನ ಬಗ್ಗೆ ಕೇಳಿದೆ. ಏಳನೆಯ ಸ್ಥಾನದಲ್ಲಿ ಲೀಗ್ ಮುಗಿಸಿದ್ದ ತಂಡ ಸಿಡ್ನಿಯನ್ನು 22 ಅಂಕಗಳಿಂದ ಸೋಲಿಸಿತ್ತು. ಈ ಓಣಿಗಳಲ್ಲಿ ಇವತ್ತಿಗೂ ಅದು ಸ್ಥಳಪುರಾಣ. ಆಕೆ ಕೈಬೀಸಿಬಿಟ್ಟರು. “ಕೊನೆಯ ಭಾಗ ಕಣ್ಣು ಮುಚ್ಚಿಕೊಂಡೇ ಇದ್ದೆ.” ಆಮೇಲೆ ಚೀಲದಿಂದ ನೀಲಿ ರಟ್ಟಿನ ನೋಟ್‌ಬುಕ್ ತೆಗೆದರು. ವರ್ಷಕ್ಕೊಂದು ಇದೆಯಂತೆ. 2016ರ ಜನವರಿಯಲ್ಲಿ ಏನು ಬರೆದಿದ್ದಿರಿ, ಸುಳಿವೇನಾದರೂ ಸಿಕ್ಕಿತ್ತೇ ಎಂದು ಕೇಳಿದೆ. ಏನೂ ಇಲ್ಲವಂತೆ. ಆ ತಿಂಗಳು ಪೂರ್ತಿ ಬರೆದದ್ದು ಮಳೆ, ನೊಣ, ಮತ್ತು ನಾಯಕ ಮರ್ಫಿ ಚೆನ್ನಾಗಿ ಓಡುತ್ತಿದ್ದಾನೆ ಎಂಬುದನ್ನು. ಮೂರನೆಯ ಸುತ್ತಿನ ಪಂದ್ಯದಲ್ಲೇ ಮರ್ಫಿಯ ಮಂಡಿಯ ಅಸ್ಥಿರಜ್ಜು ಹರಿಯಿತು. ಫೈನಲ್ ಗೆದ್ದ ದಿನ ಆತ ಆಡದೆ ನಿಂತಿದ್ದ. ಕೋಚ್ ಬೆವರಿಜ್ ತನ್ನ ಪದಕವನ್ನು ತೆಗೆದು ಆತನ ಕೊರಳಿಗೆ ಹಾಕಿದರು. “ಅದರಿಂದ ಈಗ ಮಂಡಿಗಳನ್ನೇ ನೋಡುತ್ತೇನೆ” ಎಂದರು ಆಕೆ. ನೋಡಿದರೆ ಮಂಡಿ ಉಳಿಯುತ್ತದೆಯೇ ಎಂದು ಕೇಳಬೇಕೆನಿಸಿತು. ಚಹಾ ಕುಡಿದ ಋಣಕ್ಕೆ ಸುಮ್ಮನಾದೆ.

“ಐದು ನಿಮಿಷ ಹೋಗಿ ಬರುತ್ತೇನೆ” ಎಂದು ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ನನ್ನ ಕೈಗಿತ್ತರು. “ಈ ವಯಸ್ಸಿಗೆ ಚಹಾ ನಿಲ್ಲುವುದಿಲ್ಲ. ನಾಲ್ವರ ಮೇಲೂ ಕಣ್ಣಿರಲಿ. ಮೀನಖಂಡದ ಮೇಲೆ ವಿಶೇಷವಾಗಿ. ಇವತ್ತೋ ನಾಳೆಯೋ ಅವನನ್ನು ಒಳಗೆ ಕರೆದುಕೊಳ್ಳಬಹುದು.”

ಮೂವತ್ತಾರು ವರ್ಷ ಲಾಕರಿನ ಬೀಗದ ಕೈ ಇಟ್ಟುಕೊಂಡವನಿಗೆ ಇದೇನು ಮಹಾ ಜವಾಬ್ದಾರಿ? ಟೊಪ್ಪಿ ಸರಿಪಡಿಸಿಕೊಂಡು ನಿಂತೆ. ಮಂಡಿ ಹೋಯಿತು, ಮೀನಖಂಡ ಹೋಯಿತು, ಭುಜ, ಇನ್ನೊಂದು ಮಂಡಿ. ಒಂದು ಸುತ್ತು. ಎರಡನೆಯ ಸುತ್ತಿಗೆ ಜೇಬಿನಲ್ಲಿ ಮೊಬೈಲ್ ನಡುಗಿತು. ಸೊಸೆ. ಒಗ್ಗರಣೆಗೆ ಎಣ್ಣೆ ಕಾಯುತ್ತಿದೆ, ಮಾವ ಎಲ್ಲಿದ್ದೀರಿ ಎಂದು ಕೇಳಿದಳು. ದಾರಿಯಲ್ಲಿದ್ದೇನೆ ಎಂದೆ, ಬೇಲಿಯೂ ದಾರಿಯ ಬದಿಯಲ್ಲೇ ಇರುವುದರಿಂದ ಅದು ಸುಳ್ಳಲ್ಲ. ಚೀಲ ಬಿಡಿಸಿ ನೋಡಿದರೆ ಕರಿಬೇವಿನ ಎಲೆಗಳೆಲ್ಲ ಬಿಸಿಗಾಳಿಗೆ ಸುರುಟಿಕೊಂಡು, ತುದಿಗಳು ಕಪ್ಪಿಟ್ಟಿದ್ದವು. ಫ್ಲಾಸ್ಕಿನ ಪಕ್ಕದ ಬಾಟಲಿಯಿಂದ ಕೊಂಚ ನೀರು ಚಿಮುಕಿಸಿದೆ. ಕಡ್ಡಿ ಕಡ್ಡಿಯಾಗಿ ಬಿಡಿಸಿ, ಒಳಗಿನ ಹಸಿರು ಎಲೆಗಳನ್ನು ಹೊರಮುಖ ಮಾಡಿ ಕಟ್ಟಿದೆ.

ಅಷ್ಟರಲ್ಲಿ ಬೇಲಿಯ ಬಳಿ ಎಲ್ಲೋ ಕೆಲವರು ಚಪ್ಪಾಳೆ ತಟ್ಟಿದಂತಾಯಿತು. ತಲೆಯೆತ್ತಿದಾಗ ಆಕೆ ಸ್ಕಾರ್ಫು ಸರಿಮಾಡಿಕೊಳ್ಳುತ್ತ ನನ್ನತ್ತಲೇ ಬರುತ್ತಿದ್ದರು. ಬಂದವರು ಮೊದಲು ಮೈದಾನ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ನೋಟ್‌ಬುಕ್, ಅದರ ಮೇಲೆ ಒದ್ದೆಯಾಗಿ ಮಲಗಿದ್ದ ಕರಿಬೇವು.

ಬೇಲಿಯ ಗುಂಟ ಮೂವರೇ ಓಡುತ್ತಿದ್ದರು.

“ಮೀನಖಂಡ ಎಲ್ಲಿ?” ಎಂದು ಕೇಳಿದರು. ಈ ಸಲ ‘ಲವ್’ ಎನ್ನಲಿಲ್ಲ.