ಸ್ಪಷ್ಟನೆ: ಇನ್ವರ್‌ಗಾರ್ಡನ್‌ನಲ್ಲಿ ಗುಂಡು ಹಾರಲಿಲ್ಲ

1931ರಲ್ಲಿ ಸ್ಕಾಟ್ಲೆಂಡಿನ ಪುಟ್ಟ ಬಂದರು ಇನ್ವರ್‌ಗಾರ್ಡನ್‌ನಲ್ಲಿ ಬ್ರಿಟಿಷ್ ನಾವಿಕರು ಅಧಿಕಾರಿಗಳನ್ನು ಹೊಡೆದು ಯುದ್ಧನೌಕೆಗಳನ್ನು ವಶಪಡಿಸಿಕೊಂಡರು, ಕಾರಣ ಎಲ್ಲರಿಗೂ ಶೇ. 25 ಸಂಬಳ ಕಡಿತ ಎಂಬ ಬರಹ ಹರಿದಾಡುತ್ತಿದೆ. ಎರಡೂ ತಪ್ಪು.

ಅಧಿಕಾರಿಗಳಿಗೂ ಹಿರಿಯ ನಾವಿಕರಿಗೂ ಕಡಿತ ಶೇ. 10 ಮಾತ್ರ. ಪೆಟ್ಟು ಬಿದ್ದದ್ದು 1925ಕ್ಕೆ ಮೊದಲು ಸೇರಿ 1919ರ ದರದಲ್ಲಿದ್ದ ಕೆಳದರ್ಜೆಯವರಿಗೆ. ಅವರನ್ನು ಹೊಸಬರ ದರಕ್ಕೆ ಇಳಿಸಲು ಹೊರಟರು: ದಿನಕ್ಕೆ 4 ಶಿಲಿಂಗ್ ಇದ್ದದ್ದು 3ಕ್ಕೆ, ಅಂದರೆ 48 ಪೆನ್ಸ್‌ನಿಂದ 36ಕ್ಕೆ. ಶೇ. 25 ಬಂದದ್ದು ಇಲ್ಲಿಂದ. ಸುದ್ದಿ ಹಲವರಿಗೆ ಮೊದಲು ತಲುಪಿದ್ದು ಪತ್ರಿಕೆಗಳಿಂದ. ನೌಕಾಪಡೆಯ ಆಡಳಿತ ಕಚೇರಿಯಾದ ಅಡ್ಮಿರಾಲ್ಟಿಯ ಈ ಎಡವಟ್ಟೇ ಕಿಚ್ಚು ಹೆಚ್ಚಿಸಿತು.

ಸೆಪ್ಟೆಂಬರ್ 15ರ ಬೆಳಿಗ್ಗೆ ರಾಡ್ನಿ, ವ್ಯಾಲಿಯಂಟ್, ನೆಲ್ಸನ್, ಹುಡ್ ಎಂಬ ಯುದ್ಧನೌಕೆಗಳು ಹೊರಡಲಿಲ್ಲ. ಮುಂದಿನ ಡೆಕ್ಕಿನ ಮೇಲೆ ನಾವಿಕರು ಗುಂಪುಗೂಡಿದರೆ ಲಂಗರಿನ ಸರಪಳಿ ಎಳೆಯುವಂತಿಲ್ಲ; ಲಂಗರು ಮೇಲೇಳದೆ ಹಡಗು ಕದಲದು. ಅಷ್ಟು ಸಾಕಾಯಿತು. ನೌಕೆಯ ಅಗತ್ಯ ಕೆಲಸಗಳು ನಡೆದೇ ಇದ್ದವು. ಇದನ್ನು ಮುಷ್ಕರ ಎನ್ನುವುದೇ ಸರಿ.

16ರ ರಾತ್ರಿ ಹಡಗುಗಳು ತಮ್ಮ ತವರು ಬಂದರುಗಳಿಗೆ ಹೊರಟವು. ಕಡಿತವನ್ನು ಶೇ. 10ಕ್ಕೆ ಮಿತಿಗೊಳಿಸಲಾಯಿತು. ಆದರೆ ಮುಂದಾಳುಗಳೆಂದು ಗುರುತಿಸಿದ ಹಲವರನ್ನು ಆಮೇಲೆ ನೌಕಾಪಡೆಯಿಂದ ಹೊರಹಾಕಿದರು. ಗಾಬರಿಗೊಂಡ ಮಾರುಕಟ್ಟೆ ಪೌಂಡ್ ಮಾರತೊಡಗಿತು. 21ರಂದು ಬ್ರಿಟನ್ ಚಿನ್ನದ ಮಾನಕವನ್ನು, ಅಂದರೆ ಪೌಂಡಿನ ಬೆಲೆಯನ್ನು ಚಿನ್ನಕ್ಕೆ ಕಟ್ಟಿಹಾಕಿದ್ದ ಪದ್ಧತಿಯನ್ನು, ಕೈಬಿಟ್ಟಿತು. ಹಣದ ಬಿಕ್ಕಟ್ಟು ಮೊದಲೇ ಇತ್ತು, ಮುಷ್ಕರವೊಂದೇ ಕಾರಣವಲ್ಲ.