ಪೆಟ್ಟು ಯಾವ ಉಂಗುರಕ್ಕೆ?

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿ ಹನ್ನೊಂದು ವರ್ಷಗಳಾದವು. ರಜೆಯಲ್ಲಿ ಬೆಳಗಾವಿಗೆ, ಟಿಳಕವಾಡಿಯ ಕಾಕಾನ ಮನೆಗೆ ಬರುವುದು ಹೆಚ್ಚಾಗಿ ಜುಲೈ ತಿಂಗಳಲ್ಲಿ, ಮಳೆ ಹಿಡಿದುಕೊಂಡಿರುವಾಗಲೇ. ಈ ಸಲ ಬಂದಾಗ ಕಾಕಾನ ಬೈಕಿನ ಮುಂಚಕ್ರವು ನಲವತ್ತರ ವೇಗ ದಾಟಿದೊಡನೆ ಹಿಟ್ಟಿನ ಗಿರಣಿಯಂತೆ ಗುರುಗುಟ್ಟುತ್ತಿತ್ತು. ಚಕ್ರವನ್ನು ನೆಲದಿಂದ ಎತ್ತಿ, ಒಂದು ಕೈಯಿಂದ ಮೇಲೆ, ಇನ್ನೊಂದರಿಂದ ಕೆಳಗೆ ಹಿಡಿದು ಅಲ್ಲಾಡಿಸಿದರೆ ಸಡಿಲ ಸ್ಪಷ್ಟವಾಗಿ ತಿಳಿಯುತ್ತಿತ್ತು. “ಹೋದ ವರ್ಷನ ಹೊಸಾ ಬೇರಿಂಗ್ ಹಾಕಿಸೀನಲ್ಲೋ ತಮ್ಮಾ” ಎಂದ ಕಾಕಾ. ಬೇರಿಂಗ್ ಎಂದರೆ ಒಳ ಮತ್ತು ಹೊರ ಉಂಗುರಗಳ ನಡುವೆ ಉಕ್ಕಿನ ಗುಂಡುಗಳನ್ನಿಟ್ಟು, ಚಕ್ರವು ತನ್ನ ಅಚ್ಚಿನ (ಆಕ್ಸಲ್) ಮೇಲೆ ಸಲೀಸಾಗಿ ತಿರುಗುವಂತೆ ಮಾಡುವ ಭಾಗ.

ಆ ‘ಹಾಕಿಸುವಿಕೆ’ ಹೇಗೆ ನಡೆದಿರಬಹುದೆಂದು ನಾನು ಬಲ್ಲೆ, ಏಕೆಂದರೆ ಕಾಲೇಜಿನ ದಿನಗಳಲ್ಲಿ ಗ್ಯಾರೇಜಿನ ಕಟ್ಟೆಯ ಮೇಲೆ ಕುಳಿತು ಅದನ್ನು ಎಷ್ಟೋ ಸಲ ನೋಡಿದ್ದೇನೆ. ಚಕ್ರದ ನಡುಭಾಗವಾದ ಹಬ್ಬನ್ನು ನೆಲದ ಮೇಲಿಟ್ಟು, ಹೊಸ ಬೇರಿಂಗನ್ನು ಅದರ ಬಾಯಿಗೆ ಕೂರಿಸಿ, ಕೈಗೆ ಸಿಕ್ಕ ಕಬ್ಬಿಣದ ತುಂಡೊಂದನ್ನು ನಡುವೆ ಹಿಡಿದು ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟರೆ ಕೆಲಸ ಮುಗಿಯಿತು. ಸುತ್ತಿಗೆಯ ಮೇಲೆ ನನಗೆ ಸಿಟ್ಟಿಲ್ಲ. ಹಬ್ಬಿನೊಳಗೆ ಬಿಗಿಯಾಗಿ ಕೂರಬೇಕಾದದ್ದು ಬೇರಿಂಗಿನ ಹೊರ ಉಂಗುರ. ಆ ತುಂಡು ಒಳ ಉಂಗುರದ ಮೇಲೆ ಕುಳಿತಿದ್ದರೆ ಪ್ರತಿ ಪೆಟ್ಟೂ ನಡುವಿನ ಗುಂಡುಗಳ ಮೂಲಕವೇ ಹಾದು ಹೋಗುತ್ತದೆ, ಗುಂಡುಗಳು ಓಡುವ ನುಣುಪಾದ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳು ಬೀಳುತ್ತವೆ. ಅಂಥ ಬೇರಿಂಗ್ ಮೊದಲ ದಿನ ಸದ್ದಿಲ್ಲದೆ ತಿರುಗಿ, ಆ ತಗ್ಗುಗಳಿಂದಲೇ ಸವೆಯತೊಡಗುತ್ತದೆ. ಅದಕ್ಕೆ ಬೆಳಗಾವಿಯ ಮಳೆ, ಕೆಂಪು ರಾಡಿ ಮತ್ತು ವಾಷಿಂಗ್ ಸೆಂಟರಿನವರು ನೇರವಾಗಿ ಹಬ್ಬಿಗೇ ಬಿಡುವ ಜೋರು ನೀರು ಸೇರಿದರೆ ಒಂದು ವರ್ಷ ಬಾಳಿದ್ದೇ ಹೆಚ್ಚು.

ಸ್ಟುಟ್‌ಗಾರ್ಟ್‌ನಲ್ಲಿ ಇದೇ ಕೆಲಸಕ್ಕೆ ಮೊದಲ ಅಡ್ಡಿ ನೆರೆಹೊರೆ. ಭಾನುವಾರ ಸುತ್ತಿಗೆ ಎತ್ತುವಂತಿಲ್ಲ, ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಗಾಡಿ ಬಿಚ್ಚುವಂತಿಲ್ಲ. ಹಾಗಾಗಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ವರ್ಕ್‌ಶಾಪಿಗೆ ಹೋಗುತ್ತೇನೆ. ಎರಡು ವರ್ಷಕ್ಕೊಮ್ಮೆ ಜರ್ಮನಿಯಲ್ಲಿ ಬೈಕನ್ನು ತಪಾಸಣೆಗೆ ಒಯ್ಯಲೇಬೇಕು, ಚಕ್ರದ ಸಡಿಲವನ್ನೂ ಅವರು ನೋಡುತ್ತಾರೆ. ನಮ್ಮಲ್ಲಿ ಸ್ವಂತದ ಬೈಕಿಗೆ ನೋಂದಣಿಯ 15 ವರ್ಷ ಮುಗಿಯುವವರೆಗೆ ಅಂಥ ಪರೀಕ್ಷೆಯಿಲ್ಲ, ಮಿಸ್ತ್ರಿಯ ಕಿವಿಯೇ ತಪಾಸಣೆ. ಆ ಕಿವಿಯನ್ನು ನಾನು ಹಗುರವಾಗಿ ಕಾಣುವವನಲ್ಲ.

ಎರಡೂ ಕಡೆ ಬದಲಾಗದ್ದು ಬೇರಿಂಗಿನ ಮೇಲಿನ ಅಂಕಿ. ಕಾಕಾನ ಮುಂಚಕ್ರದಲ್ಲಿದ್ದದ್ದು 6301. ಅದರಲ್ಲಿ ಕೊನೆಯ 01 ಎಂದರೆ ಒಳರಂಧ್ರ 12 ಮಿಲಿಮೀಟರ್; ಮೊದಲಿನ 63 ಜೊತೆಗೂಡಿದರೆ ಹೊರವ್ಯಾಸ 37, ದಪ್ಪ 12. ಗುಂಡುಗಳನ್ನು ಒಂದೇ ಅಳತೆಗೆ ಉಜ್ಜುವ ಯಂತ್ರವನ್ನು ಫ್ರೀಡ್ರಿಶ್ ಫಿಶರ್ 1883ರಲ್ಲಿ ರೂಪಿಸಿದ ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ಕೊಂಡರೂ, ಬೆಳಗಾವಿಯ ಪೇಟೆಯಲ್ಲಿ ಕೊಂಡರೂ ಅಸಲಿ ಮಾಲಿಗೆ ಈ ಅಳತೆ ಒಂದೇ. ಅಂಕಿಯ ನಂತರ 2ಆರ್‌ಎಸ್ ಎಂದಿದ್ದರೆ ಎರಡೂ ಬದಿಗೆ ರಬ್ಬರ್ ಸೀಲ್ ಇದೆ ಎಂದರ್ಥ. ಬೆಳಗಾವಿಯ ಮಳೆಗೆ ಅದೇ ಬೇಕು, ಬರಿಯ ತಗಡಿನ ಮುಚ್ಚಳದ್ದು ಸಾಲದು.

ಮನೆಯಲ್ಲೇ ಕೂರಿಸಲು ನಾನು ನೆಚ್ಚಿಕೊಂಡದ್ದು ಶಾಖವನ್ನು. ಹಬ್ಬಿನ ಅಲ್ಯೂಮಿನಿಯಂ, ಬೇರಿಂಗಿನ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮೂವತ್ತು ಡಿಗ್ರಿಯ ಹಬ್ಬನ್ನು ನೂರಕ್ಕೆ ಏರಿಸಿದರೆ 37 ಮಿಲಿಮೀಟರಿನ ರಂಧ್ರ ಒಂದು ಮಿಲಿಮೀಟರಿನ ನೂರರಲ್ಲಿ ಆರು ಭಾಗದಷ್ಟು ಅಗಲವಾಗುತ್ತದೆ, ಫ್ರೀಜರಿನಲ್ಲಿಟ್ಟ ಬೇರಿಂಗ್ ಎರಡು ಭಾಗದಷ್ಟು ಕುಗ್ಗುತ್ತದೆ. ಇಷ್ಟು ಸಿಕ್ಕರೆ ಸುತ್ತಿಗೆಯ ಕೆಲಸ ಬಹುಪಾಲು ತಪ್ಪುತ್ತದೆ. ಬಿಸಿಗಾಳಿಯ ಗನ್ನನ್ನು ಓಣಿಯ ರೇಡಿಯಂ ಸ್ಟಿಕ್ಕರ್ ಅಂಗಡಿಯವನು ಒಂದು ತಾಸಿಗೆ ಕೊಟ್ಟ. ಫ್ರೀಜರ್ ಕಾಕುವಿನದು. “ಅಲ್ಲೋ, ಬಟಾಣಿ ಬಾಜೂಕ ಈ ಎಣ್ಣಿ ಸಾಮಾನು ಇಡತಾರೇನು?” ಎಂದು ಆಕೆ ಬೈದಳು. ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟದ್ದು ಬಟಾಣಿಯ ಸಲುವಾಗಿ ಅಷ್ಟೇ ಅಲ್ಲ, ಹೊರತೆಗೆದಾಗ ಮಳೆಗಾಲದ ತೇವ ಅದರ ಮೇಲೆ ಹನಿಗಟ್ಟಬಾರದೆಂದೂ ಹೌದು.

ಹಬ್ಬಿನ ಮೇಲೆ ಹಾಕಿದ ನೀರಿನ ಹನಿ ಚುರ್ರೆಂದು ಹಾರಿದಾಗ ಗನ್ ಆರಿಸಿದೆ. ಮೊದಲ ಬೇರಿಂಗ್ ಬೆರಳಿನ ಒತ್ತಡಕ್ಕೇ ಮುಕ್ಕಾಲು ಇಳಿಯಿತು; ಉಳಿದದ್ದನ್ನು, ಹೊರ ಉಂಗುರವನ್ನಷ್ಟೇ ಮುಟ್ಟುವ ಅಳತೆಯ, ನಟ್ಟು ಬಿಚ್ಚುವ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿ ತಳಕ್ಕೆ ಕೂರಿಸಿದೆ. ಸಾಕೆಟ್ ಇಲ್ಲದವರು ಹಳೆಯ ಬೇರಿಂಗಿನ ಹೊರ ಉಂಗುರವನ್ನು ಸ್ವಲ್ಪ ಉಜ್ಜಿ ಸಣ್ಣದು ಮಾಡಿ ಅದನ್ನೇ ಬಳಸಬಹುದು. ಹೊಡೆದು ತೆಗೆದ ಹಳೆಯ ಬೇರಿಂಗ್ ಈ ಕೆಲಸಕ್ಕಲ್ಲದೆ ಬೇರಾವುದಕ್ಕೂ ಬಾರದು. ಚೆನ್ನಾಗಿ ತಿರುಗುತ್ತದೆಂದು ಮತ್ತೆ ಹಾಕಬಾರದು. ಆಮೇಲೆ ಹಬ್ಬಿನ ಎರಡು ಬದಿಯ ಬೇರಿಂಗುಗಳ ನಡುವೆ ಅಂತರ ಕಾಯುವ ಸ್ಪೇಸರ್ ಕೊಳವೆ. ಅದನ್ನು ಮರೆತರೆ ಆಕ್ಸಲ್ ಬಿಗಿಯುವ ಬಲವೆಲ್ಲ ಎರಡು ಒಳ ಉಂಗುರಗಳನ್ನು ಒಂದರತ್ತ ಒಂದು ದೂಡಿ ಹೊಸ ಬೇರಿಂಗನ್ನು ಕೆಡಿಸುತ್ತದೆ.

ಹಬ್ಬಿನ ರಂಧ್ರವೇ ಸವೆದು ಬೇರಿಂಗ್ ಸಡಿಲವಾಗಿ ಕೂರುವ ಸಂದರ್ಭದಲ್ಲಿ ನಾನು ಬೆಳಗಾವಿಯ ಪಕ್ಷ. ರಂಧ್ರದ ಗೋಡೆಗೆ ಪಂಚಿನಿಂದ ಚುಕ್ಕೆ ಹೊಡೆದು ಬಿಗಿ ಮಾಡುವ ಗ್ಯಾರೇಜಿನ ಉಪಾಯವನ್ನು ಹೊಗಳಲಾರೆ, ಅದು ನಾಲ್ಕು ದಿನದ ಬಿಗಿ. ಆದರೆ ಜರ್ಮನಿಯಲ್ಲಿ ಹೊಸ ಚಕ್ರವನ್ನೇ ಕೊಳ್ಳಿರೆಂದು ನನಗೆ ಹೇಳಿದ್ದರು. ಎರಕದ ಕೆಲಸಕ್ಕೆ, ಹೈಡ್ರಾಲಿಕ್ ಸಾಮಾನಿಗೆ ಹೆಸರಾದ ಈ ಊರಿನ ಉದ್ಯಮಬಾಗದಲ್ಲಿ ಲೇತ್ ಮೇಲೆ ರಂಧ್ರವನ್ನು ಹಿಗ್ಗಿಸಿ, ಅಳತೆಯ ಬುಶ್ (ಲೋಹದ ಬಳೆ) ಒತ್ತಿ, ಅದೇ ಹಬ್ಬನ್ನು ಉಳಿಸಿಕೊಡುವ ಕೈಗಳಿವೆ.

ಇಷ್ಟೆಲ್ಲ ಹೇಳಿದವನು ತನ್ನ ತಪ್ಪನ್ನೂ ಹೇಳಬೇಕು. ಎರಡನೆಯ ಬೇರಿಂಗ್ ಸ್ಪೇಸರಿಗೆ ತಾಗಿದೊಡನೆ ನಿಲ್ಲಿಸಬೇಕಿತ್ತು. ನಾನು ಇನ್ನೆರಡು ಪೆಟ್ಟು ಹೆಚ್ಚು ಕೊಟ್ಟೆ. ಆಕ್ಸಲ್ ಬಿಗಿದ ಮೇಲೆ ಚಕ್ರ ಎರಡು ಸುತ್ತಿಗೇ ನಿಂತುಬಿಡುತ್ತಿತ್ತು. ಕಾಕಾ ಏನೂ ಮಾತಾಡದೆ ಹಳೆಯ ಮಿಸ್ತ್ರಿಯನ್ನೇ ಕರೆತಂದ. ಆತ ಚಕ್ರವನ್ನು ಒಮ್ಮೆ ತಿರುಗಿಸಿ, “ಎರಡನೇದ್ದು ಭಾಳ ಒಳಗ ಹೋಗೇತ್ರಿ ಸರ” ಎಂದು ಆಕ್ಸಲ್ ಬಿಚ್ಚಿದ. ಎದುರು ಬದಿಯಿಂದ ಸಣ್ಣ ಸರಳೊಂದನ್ನು ತೂರಿಸಿ, ಸ್ಪೇಸರಿನ ಅಂಚಿಗೆ ಆನಿಸಿ, ನಾನು ಮುಟ್ಟಲೇಬಾರದೆಂದು ಕಾಕಾನಿಗೆ ಬೆಳಗಿನಿಂದ ಬೋಧಿಸುತ್ತಿದ್ದ ಆ ಒಳ ಉಂಗುರಕ್ಕೇ ಬಡಿಯುವಂತೆ ಒಂದೇ ಒಂದು ಹಗುರ ಪೆಟ್ಟು ಕೊಟ್ಟ. ಆಕ್ಸಲ್ ಮತ್ತೆ ಬಿಗಿದು ತಿರುಗಿಸಿದಾಗ ಚಕ್ರ ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು, ಮತ್ತು ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದ.