ಕಾರ್ಟೂನ್ ಕೆಳಗೆ ಕಾಮೆಂಟು: ಬೇಕಾ, ಬೇಡವಾ?

ಪತ್ರಿಕೆಯ ವ್ಯಂಗ್ಯಚಿತ್ರಗಳನ್ನು ಈಗ ಜಾಸ್ತಿ ಜನ ನೋಡುವುದು ಮೊಬೈಲ್‌ನಲ್ಲಿ. ನೋಡಿದವರು ಸುಮ್ಮನಿರುವುದಿಲ್ಲ, ಕೆಳಗೆ ಒಂದು ಮಾತು ಹಾಕಿಯೇ ಹೋಗುತ್ತಾರೆ. ಇದು ಒಳ್ಳೆಯದಾ? ಇಬ್ಬರು ಓದುಗರು, ಎರಡು ಅಭಿಪ್ರಾಯ.

ಪರ: ಮಂಡ್ಯದಿಂದ

ಕಾರ್ಟೂನ್ ಅರ್ಥ ಆಗಬೇಕಾದರೆ ಮೊದಲು ಸುದ್ದಿ ಗೊತ್ತಿರಬೇಕು. ಒಂದು ಅಣೆಕಟ್ಟು ಬರೆದು, ಗೋಡೆಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 124.80 ಅಂತ ಹಾಕಿದರೆ ಮಂಡ್ಯದಲ್ಲಿ ಯಾರಿಗೂ ವಿವರಣೆ ಬೇಡ. ಕೆಆರ್‌ಎಸ್ ತುಂಬಿದರೆ ಎಷ್ಟು ಅಡಿ ಅಂತ ಇಲ್ಲಿ ಟೀ ಅಂಗಡಿಯವರೂ ಹೇಳುತ್ತಾರೆ. ಅದೇ ಚಿತ್ರವನ್ನು ಬೀದರ್‌ನಲ್ಲಿ ಕೂತವರು ನೋಡಿದರೆ ಅದೊಂದು ನಂಬರು, ಅಷ್ಟೇ. ಚಿತ್ರದ ಕೆಳಗೆ ಯಾರಾದರೂ 'ಇದು ಪೂರ್ಣ ಮಟ್ಟ, ಈಗ ನೀರು ಇಷ್ಟೇ ಇದೆ, ನಾಲೆಗೆ ಬಿಡ್ತಿಲ್ಲ' ಅಂತ ಎರಡು ಸಾಲು ಹಾಕಿದರೆ ಅವರಿಗೂ ನಗು ಬರುತ್ತದೆ. ಇಲ್ಲವೇ ಸಿಟ್ಟು ಬರುತ್ತದೆ. ಎರಡೂ ಸರಿಯೇ.

ಹಳೆಯ ಕಾರ್ಟೂನಿಗೆ ಈ ಎರಡು ಸಾಲು ಇನ್ನೂ ಜಾಸ್ತಿ ಬೇಕು. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ 15,000 ಕ್ಯುಸೆಕ್‌ನಂತೆ ಹತ್ತು ದಿನ ನೀರು ಬಿಡಿ ಎಂದಿತು. ಆಮೇಲೆ ಅದು 12,000ಕ್ಕೆ ಇಳಿಯಿತು. ಆ ವಾರದ ಕಾರ್ಟೂನುಗಳನ್ನು ಈಗಿನ ಕಾಲೇಜು ಹುಡುಗರಿಗೆ ತೋರಿಸಿ ನೋಡಿ. ಅರ್ಧ ಗೊತ್ತಾಗುವುದಿಲ್ಲ. ಪೇಪರ್ ಆದರೆ ಆ ವಾರವೇ ಬೋಂಡಾ ಕಟ್ಟಿಕೊಂಡು ಹೋಯಿತು. ಆನ್‌ಲೈನ್‌ನಲ್ಲಿ ಚಿತ್ರದ ಜೊತೆ ತಾರೀಖು ಉಳಿದಿದೆ, ಅವತ್ತು ಜನ ಏನು ಅಂದುಕೊಂಡರು ಅನ್ನುವುದೂ ಉಳಿದಿದೆ.

ಇನ್ನೊಂದು ಲಾಭ, ತಪ್ಪು ಹಿಡಿಯುವುದು. ಸಕ್ಕರೆ ಫ್ಯಾಕ್ಟರಿ ಮುಂದೆ ನಿಂತ ಕಬ್ಬಿನ ಗಾಡಿ ಬರೆದು, ನೊಗವನ್ನು ಎತ್ತಿನ ಕೊಂಬಿಗೇ ಕಟ್ಟಿದ ಹಾಗೆ ಎಳೆದರೆ ನಮ್ಮ ಕಡೆಯವರು ಬಿಡುತ್ತಾರಾ? ಮುಂದಿನ ಸಲ ನೊಗ ಕತ್ತಿನ ಮೇಲೆ ಬಂದಿರುತ್ತದೆ. ಮೊದಲು ಇದಕ್ಕೆಲ್ಲ ವಾಚಕರ ವಾಣಿಗೆ ಕಾರ್ಡು ಬರೆಯಬೇಕಿತ್ತು. ನೊಗಕ್ಕೋಸ್ಕರ ಯಾರು ಬರೆಯುತ್ತಾರೆ?

ಕಾರ್ಟೂನಿಸ್ಟರಿಗೂ ಇದು ಬಲ. ಕುಂದಾಪುರದ ಸತೀಶ್ ಆಚಾರ್ಯ ಅವರ ಒಂದು ಚಿತ್ರವನ್ನು 2018ರಲ್ಲಿ ದೆಹಲಿಯ ಪತ್ರಿಕೆಯೊಂದು ಹಾಕಲಿಲ್ಲ. ಅವರು ಅದನ್ನು ಆನ್‌ಲೈನ್‌ನಲ್ಲಿ ಹಾಕಿದರು, ದೇಶವೆಲ್ಲ ನೋಡಿತು. ಸಂಪಾದಕರು ಬೇಡ ಅಂದರೆ ಚಿತ್ರ ಮೇಜಿನ ಡ್ರಾಯರ್‌ನಲ್ಲೇ ಸಾಯಬೇಕು ಅನ್ನುವ ಕಾಲ ಹೋಯಿತು.

ಸ್ಟ್ರಿಪ್‌ಗಳದ್ದೂ (ಸಾಲಾಗಿ ಬರುವ ಪುಟ್ಟ ಚಿತ್ರಕಥೆಗಳು) ಒಂದು ಮಾತು. ಒಬ್ಬ ಹುಡುಗ, ಅವನ ಹುಲಿ ಇರುವ ಅಮೆರಿಕದ 'ಕಾಲ್ವಿನ್ ಅಂಡ್ ಹಾಬ್ಸ್' 1995ರಲ್ಲೇ ನಿಂತುಹೋಯಿತು. ಆಮೇಲೆ ಹುಟ್ಟಿದ ನಮ್ಮ ಮಕ್ಕಳು ಇವತ್ತಿಗೂ ಅದನ್ನು ಆನ್‌ಲೈನ್‌ನಲ್ಲಿ ಓದಿ, ಅಮೆರಿಕದವರ ಜೊತೆ ಕಾಮೆಂಟ್‌ನಲ್ಲಿ ಹರಟುತ್ತಾರೆ.

ಬೈಗುಳ ಇಲ್ಲವಾ ಅಂದರೆ, ಇದೆ. ಬೈಯುವವರು ಮುಂಚೆಯೂ ಬೈಯುತ್ತಿದ್ದರು, ಕಟಿಂಗ್ ಶಾಪ್‌ನಲ್ಲಿ ಪೇಪರ್ ಹಿಡಿದು ಕೂತು. ಕಾರ್ಟೂನಿಸ್ಟಿಗೆ ಕೇಳಿಸುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ವಿರೋಧ: ಮೈಸೂರಿನಿಂದ

ಮಂಡ್ಯದ ಗೆಳೆಯರು ಹೇಳುವ ಕಾಮೆಂಟುಗಳು ನಿಜಕ್ಕೂ ಚೆನ್ನಾಗಿವೆ. ನೀರಿನ ಲೆಕ್ಕ, ನೊಗದ ಲೆಕ್ಕ. ಅಂಥವು ಎಷ್ಟು ಸಿಗುತ್ತವೆ? ಯಾವುದಾದರೂ ರಾಜಕೀಯ ಕಾರ್ಟೂನಿನ ಕೆಳಗೆ ಇಳಿದು ನೋಡಿ. ಮೊದಲ ಕಾಮೆಂಟು ಯಾವ ಪಕ್ಷದ ಅಭಿಮಾನಿಯದು ಅನ್ನುವುದರ ಮೇಲೆ ಉಳಿದದ್ದೆಲ್ಲ ನಡೆಯುತ್ತದೆ. ಚಿತ್ರ ಏನು ಅಂತ ಹತ್ತನೇ ಕಾಮೆಂಟಿಗೆ ಯಾರಿಗೂ ನೆನಪಿರುವುದಿಲ್ಲ.

ಅಲ್ಲಿ ತಪ್ಪದೆ ಬರುವ ಪ್ರಶ್ನೆ ಒಂದಿದೆ: 'ಆ ಪಕ್ಷದವರ ಬಗ್ಗೆ ಯಾಕೆ ಬರೆಯಲ್ಲ?' ಬರೆದಿರುತ್ತಾರೆ. ಹೋದ ವಾರವೇ ಬರೆದಿರುತ್ತಾರೆ. ಕೇಳಿದವರು ನೋಡಿರುವುದಿಲ್ಲ, ಯಾಕೆಂದರೆ ಅದು ಅವರ ವಾಟ್ಸಾಪ್ ಗುಂಪಿಗೆ ಬಂದಿರುವುದಿಲ್ಲ. ನನ್ನ ಮುಖ್ಯ ತಕರಾರು ಇದೇ. ಮನೆಗೆ ಪೇಪರ್ ಬರುತ್ತಿದ್ದಾಗ ದಿನಾ ಚಿನಕುರುಳಿ ನೋಡುತ್ತಿದ್ದೆವು (ಪಾಂಡವಪುರದ ಹತ್ತಿರದ ಊರಲ್ಲ, ಪ್ರಜಾವಾಣಿಯ ದಿನದ ಪುಟ್ಟ ಕಾರ್ಟೂನು). ಇವತ್ತು ನಮಗೆ ಬೇಡದವರಿಗೆ ಏಟು, ನಾಳೆ ನಮಗೆ ಬೇಕಾದವರಿಗೆ. ಎರಡನ್ನೂ ನೋಡಬೇಕಿತ್ತು, ಆಯ್ಕೆ ಇರಲಿಲ್ಲ. ನೋಡುತ್ತಾ ನೋಡುತ್ತಾ ಈ ಕಾರ್ಟೂನಿಸ್ಟ್ ಯಾರನ್ನೂ ಬಿಡುವುದಿಲ್ಲ ಅಂತ ಗೊತ್ತಾಗುತ್ತಿತ್ತು. ಆ ನಂಬಿಕೆ ಇದ್ದಿದ್ದರಿಂದಲೇ ನಮ್ಮವರಿಗೆ ಬಿದ್ದ ಏಟಿಗೂ ನಕ್ಕೆವು. ಈಗ ವರ್ಷದ ಮುನ್ನೂರು ಚಿತ್ರಗಳಲ್ಲಿ ನಮಗೆ ಸಿಟ್ಟು ಬರಿಸುವ ಐದನ್ನೋ, ಖುಷಿ ಕೊಡುವ ಐದನ್ನೋ ಯಾರೋ ಆರಿಸಿ ಕಳಿಸುತ್ತಾರೆ. ಅಷ್ಟನ್ನೇ ನೋಡಿದವರಿಗೆ ಕಾರ್ಟೂನಿಸ್ಟ್ ಒಂದು ಪಕ್ಷದ ಏಜೆಂಟ್ ಥರ ಕಾಣದೆ ಇನ್ನೇನು?

ಆರ್.ಕೆ. ಲಕ್ಷ್ಮಣ್ ನಮ್ಮ ಊರಿನವರು. 1921ರಲ್ಲಿ ಇಲ್ಲೇ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ರಾಶಿಯವರ ಹಾಸ್ಯ ಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆದವರು. ಟೈಮ್ಸ್ ಆಫ್ ಇಂಡಿಯಾದಲ್ಲಿ 1951ರಿಂದ ಅವರು ಬರೆದ ಕಾಮನ್ ಮ್ಯಾನ್, ಆ ಚೌಕಳಿ ಕೋಟಿನ ಮುದುಕ, ಪಾಕೆಟ್ ಕಾರ್ಟೂನಿನಲ್ಲಿ ಬಾಯಿ ಬಿಡುವುದೇ ಇಲ್ಲ. ಒಂದು ಮೂಲೆಯಲ್ಲಿ ನಿಂತು ನೋಡುತ್ತಾನೆ. ಅವನು ಏನು ಅಂದುಕೊಂಡ ಅನ್ನುವುದನ್ನು ನಾವೇ ತುಂಬಿಕೊಳ್ಳಬೇಕು. ದಶಕಗಟ್ಟಲೆ ಬೆಳಗ್ಗೆ ಕಾಫಿ ಜೊತೆ ಅಷ್ಟು ಜನ ಅದನ್ನೇ ಮಾಡಿದರು. ಆ ಚಿತ್ರಗಳ ಕೆಳಗೆ ಆಗ ಕಾಮೆಂಟ್ ಇದ್ದಿದ್ದರೆ 'ಇವನು ಯಾಕೆ ಬಾಯಿ ಬಿಡಲ್ಲ, ಎಷ್ಟು ತಗೊಂಡಿದ್ದಾನೆ' ಅಂತ ಮೊದಲ ದಿನವೇ ಕೇಳಿರುತ್ತಿದ್ದರು.

ಕಟಿಂಗ್ ಶಾಪ್ ಬೈಗುಳಕ್ಕೂ ಇದಕ್ಕೂ ವ್ಯತ್ಯಾಸ ಅಷ್ಟೇ ಅಲ್ಲ. 2019ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಅಂತರರಾಷ್ಟ್ರೀಯ ಆವೃತ್ತಿಯಲ್ಲಿ ಒಂದು ಕಾರ್ಟೂನ್ ಬಂತು. ಯಹೂದಿಗಳನ್ನು ಹೀಯಾಳಿಸುವ ಹಾಗಿತ್ತು. ಗದ್ದಲ ಎದ್ದಿತು, ಪತ್ರಿಕೆ ಕ್ಷಮೆ ಕೇಳಿತು. ಅಲ್ಲಿಯವರೆಗೆ ಸರಿ. ಜುಲೈನಿಂದ ಆ ಆವೃತ್ತಿ ದಿನದ ರಾಜಕೀಯ ಕಾರ್ಟೂನನ್ನೇ ನಿಲ್ಲಿಸಿಬಿಟ್ಟಿತು. ಆ ಚಿತ್ರಕ್ಕೆ ಸಂಬಂಧವೇ ಇಲ್ಲದ ಕಾರ್ಟೂನಿಸ್ಟರ ಕೆಲಸ ಹೋಯಿತು. ದಿನದ ರಾಜಕೀಯ ಕಾರ್ಟೂನ್ ಇಲ್ಲದ ಅಮೆರಿಕದ ಆವೃತ್ತಿಗೆ ಹೊಂದಿಸಲು ಹಾಗೆ ಮಾಡಿದೆವು ಎಂದು ಪತ್ರಿಕೆ ಹೇಳಿತು. ನಂಬುವವರು ನಂಬಲಿ.

ನಮ್ಮಲ್ಲಿ ಇನ್ನೂ ಸುಲಭ. 2012ರಲ್ಲಿ ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಮುಖ್ಯಮಂತ್ರಿಯ ಬಗ್ಗೆ ಇದ್ದ ಕಾರ್ಟೂನನ್ನು ಇಮೇಲ್‌ನಲ್ಲಿ ಫಾರ್ವರ್ಡ್ ಮಾಡಿದ್ದಕ್ಕೆ ಪೊಲೀಸರು ಹಿಡಿದುಕೊಂಡು ಹೋದರು. ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದು ಮಾಡಿತು. ಆದರೂ ಆ ಕೇಸಿನಿಂದ ಅವರು ಪೂರ್ತಿ ಬಿಡುಗಡೆಯಾಗಿದ್ದು 2023ರಲ್ಲಿ. ಕಟಿಂಗ್ ಶಾಪ್‌ನಲ್ಲಿ ಪೇಪರ್ ತೋರಿಸಿ ನಕ್ಕವರಿಗೆ ಹೀಗೆ ಆಗಿದ್ದು ನಾನು ಕೇಳಿಲ್ಲ.

ಸತೀಶ್ ಆಚಾರ್ಯ ಅವರ ಉದಾಹರಣೆ ಒಪ್ಪುತ್ತೇನೆ, ಅರ್ಧ. ಅವರು ಮುಂಬೈನ ಮಿಡ್-ಡೇ ಪತ್ರಿಕೆಯಲ್ಲಿ ವರ್ಷಗಟ್ಟಲೆ ಬರೆದು ಕೈ ಪಳಗಿಸಿಕೊಂಡವರು. ಲೈಕ್ ಬಿತ್ತೋ ಇಲ್ಲವೋ ಅಂತ ನೋಡಿಕೊಂಡೇ ಶುರು ಮಾಡುವ ಹೊಸ ಹುಡುಗನ ಕಥೆ ಬೇರೆ. ಯಾರಿಗೆ ಏಟು ಹಾಕಿದರೆ ಜಾಸ್ತಿ ಲೈಕ್ ಅಂತ ಒಂದು ತಿಂಗಳಲ್ಲಿ ಕಲಿತುಬಿಡುತ್ತಾನೆ. ಕಾಲ್ವಿನ್ ಬಗ್ಗೆ ಮಾತ್ರ ಜಗಳ ಇಲ್ಲ. ಆ ಹುಡುಗನೂ ಹುಲಿಯೂ ಯಾವ ಪಕ್ಷದವರೂ ಅಲ್ಲ, ಎಷ್ಟು ಬೇಕಾದರೂ ಹರಟಲಿ.

ರಾಜಕೀಯ ಕಾರ್ಟೂನಿನ ಕೆಳಗೆ ಕಾಮೆಂಟ್ ಬೇಡವೇ ಬೇಡ ಅಂದರೆ ಈಗ ಯಾರೂ ಕೇಳುವುದಿಲ್ಲ, ಗೊತ್ತು. ಹಾಗಾದರೆ ಬೆಳಗ್ಗೆ ಚಿತ್ರ ಹಾಕಿ, ಸಂಜೆ ಆರರವರೆಗೆ ಕಾಮೆಂಟ್ ಮುಚ್ಚಿಡಲಿ. ಅಷ್ಟು ಹೊತ್ತಿಗೆ ಬೈಯಬೇಕು ಅಂತಿದ್ದವರಿಗೆ ಬೇರೆ ಏನಾದರೂ ಸಿಕ್ಕಿರುತ್ತದೆ. ಜೊತೆಗೆ ತಾರೀಖನ್ನು ಚಿತ್ರದ ಒಳಗೇ, ಯಾರೂ ಕತ್ತರಿಸಲಾಗದ ಜಾಗದಲ್ಲಿ ಬರೆಯಲಿ. ಹೋದ ವರ್ಷದ ಚಿತ್ರವನ್ನು ಇವತ್ತಿನದು ಅಂತ ಕಳಿಸುವವರಿಂದಲೇ ಅರ್ಧ ಜಗಳ ಶುರುವಾಗುವುದು.